ಹಳೇ ಮನೆಗಳ ಊರಿಗೆ ಹೊಸ ಮನೆ ಎಷ್ಟು ಬೇಕು?

ಪ್ರಶ್ನೆ: ನಾವು ಮೈಸೂರಿನ ಅಗ್ರಹಾರದ ಕಡೆಯವರು. ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ತಾತನ ಕಾಲದ ಮನೆಗಳು, ಕೆಲವಕ್ಕೆ ಬೀಗ. ಊರಾಚೆ ನೋಡಿದರೆ ಬಡಾವಣೆ ಮೇಲೆ ಬಡಾವಣೆ. ಊರಿಗೆ ಎಷ್ಟು ಮನೆ ಬೇಕು ಅಂತ ಲೆಕ್ಕ ಹಾಕುವುದು ಹೇಗೆ? ಊರಿನ ಒಟ್ಟು ಸಂಸಾರಗಳ ಸಂಖ್ಯೆಯಿಂದ ಈಗಿರುವ ಮನೆಗಳ ಸಂಖ್ಯೆಯನ್ನು ಕಳೆದರೆ ಸಾಲದಾ?

ಉತ್ತರ: ಸಾಲದು. ಹಾಗೆ ಕಳೆದರೆ ನಿಮ್ಮ ಬೀದಿಯ ಬೀಗದ ಮನೆಯೂ ಒಂದು ಮನೆ, ಮಳೆ ಬಂದರೆ ಪಾತ್ರೆ ಇಟ್ಟುಕೊಂಡು ಕೂರುವ ಮನೆಯೂ ಒಂದು ಮನೆ, ಎರಡು ಕೋಣೆಯಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ ಇದ್ದರೆ ಅದೂ ಒಂದೇ ಮನೆ. 2012ರಲ್ಲಿ ಕೇಂದ್ರದ ತಾಂತ್ರಿಕ ತಂಡವೊಂದು ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದಿತು. ಅಷ್ಟೂ ಸಂಸಾರ ಬೀದಿಯಲ್ಲಿದೆ ಅನ್ನಿಸುತ್ತದೆ, ಅಲ್ವಾ? ಸೂರೇ ಇಲ್ಲದವರು ಅದರಲ್ಲಿ 5.3 ಲಕ್ಷ ಮಾತ್ರ. ಸುಮಾರು 1.5 ಕೋಟಿ ಇಕ್ಕಟ್ಟಿನ ಲೆಕ್ಕ, ಅಂದರೆ ಮದುವೆಯಾದ ಜೋಡಿಗೆ ಬೇರೆ ಕೋಣೆ ಇಲ್ಲದ ಮನೆಗಳು. ಹಳತಾದ ಮನೆಯಲ್ಲಿರುವ ಸಂಸಾರಗಳು ಸುಮಾರು 22.7 ಲಕ್ಷ.

ಈ ಹಳೇ ಮನೆ ಲೆಕ್ಕದಲ್ಲೇ ನನ್ನ ತಕರಾರು. 40ರಿಂದ 80 ವರ್ಷದ ಮನೆಯಾದರೆ ಸ್ಥಿತಿ ಕೆಟ್ಟಿದ್ದರೆ ಮಾತ್ರ ಕೊರತೆಗೆ ಸೇರಿಸಿದರು, 80 ದಾಟಿದ್ದನ್ನು ಹೇಗಿದ್ದರೂ ಸೇರಿಸಿದರು. ದೇಶಕ್ಕೆಲ್ಲ ಒಂದು ಅಂದಾಜು ಬೇಕಿದ್ದಾಗ ಸರಿ. ಆದರೆ ಪ್ಲೇಗ್ ಬಂದ ಮೇಲೆ, 1903ರಲ್ಲೇ ನಗರ ಸುಧಾರಣಾ ಮಂಡಳಿ ಕಂಡ ಊರು ನಿಮ್ಮದು. ಸುಣ್ಣದ ಗಾರೆ ಗೋಡೆ, ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ತಾರಸಿ) ಗಟ್ಟಿ ಮನೆಗಳನ್ನೂ ಬರೀ ವಯಸ್ಸು ನೋಡಿ ಲೆಕ್ಕದಿಂದ ಹೊಡೆದುಹಾಕಿದರೆ ಕೊರತೆ ಸುಮ್ನೆ ಜಾಸ್ತಿ ಕಾಣುತ್ತದೆ. ಹಾಗಂತ ಹಳೇದೆಲ್ಲ ಚಿನ್ನ ಅಂತಲೂ ಅಲ್ಲ. 2012ರಲ್ಲೇ ನಿಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು ನಿಮಗೆ ನೆನಪಿರಬೇಕು.

ಪ್ರಶ್ನೆ: ನಮ್ಮ ಸಂಘದ ಹುಡುಗರು ಮನೆ ಮನೆಗೆ ಹೋಗಲು ಸಿದ್ಧ. ಏನು ನೋಡಬೇಕು, ಏನು ಕೇಳಬೇಕು?

ಉತ್ತರ: ಜನಗಣತಿಯವರು ಕೋಣೆ ಎಷ್ಟು, ಮದುವೆಯಾದ ಜೋಡಿ ಎಷ್ಟು, ಮನೆ ಸ್ಥಿತಿ ಹೇಗಿದೆ ಅಂತ ಕೇಳುತ್ತಾರೆ. ಅಷ್ಟನ್ನು ನೀವೂ ಕೇಳಿ. ಆಮೇಲೆ ತಲೆ ಎತ್ತಿ ನೋಡಿ. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದಾ? ತಾರಸಿ ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆಯಾ? ಗೋಡೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿದೆಯಾ? ಗಾರೆ ಗೋಡೆಗೆ ಮೇಲಿಂದ ಸಿಮೆಂಟ್ ಬಳಿದಿದ್ದರೆ ತಪ್ಪದೆ ಬರೆದುಕೊಳ್ಳಿ, ಏಕೆಂದರೆ ಗಾರೆ ಹೀರಿದ ತೇವ ಹೊರಗೆ ಹೋಗಲು ಸಿಮೆಂಟ್ ಬಿಡುವುದಿಲ್ಲ, ಗೋಡೆ ಒಳಗೊಳಗೇ ಸಡಿಲವಾಗುತ್ತದೆ, ಮನೆಯವರು ಮಾತ್ರ "ಈಗ ತಾನೇ ರಿಪೇರಿ ಮಾಡಿಸಿದ್ದೇವೆ" ಅಂತ ನೆಮ್ಮದಿಯಾಗಿರುತ್ತಾರೆ. ರಿಪೇರಿಯಿಂದ ನಿಲ್ಲುವ ಮನೆ ಬೇರೆ ಪಟ್ಟಿಗೆ, ಎಂಜಿನಿಯರ್ ಬಂದು ನೋಡಲೇಬೇಕಾದ ಮನೆ ಬೇರೆ ಪಟ್ಟಿಗೆ. ಕೆಡವಬೇಕು ಎಂಬ ಮಾತನ್ನು ಹುಡುಗರು ಆಡುವುದು ಬೇಡ.

ಒಂಟಿ ಅಜ್ಜಿ ತಾತಂದಿರನ್ನು ಬಿಡಬೇಡಿ. ಮನೆ ಗಟ್ಟಿಯಾಗಿಯೇ ಇರಬಹುದು, ಆದರೆ ಬಚ್ಚಲು ಹಿತ್ತಲಲ್ಲಿ, ಮೆಟ್ಟಿಲು ಕಡಿದು. ಅವರಿಗೆ ಬೇಕಿರುವುದು ಹೊಸ ಮನೆಯಲ್ಲ, ಒಳಗೊಂದು ಶೌಚಾಲಯ, ಹಿಡಿದುಕೊಳ್ಳಲು ಕಂಬಿ.

ಪ್ರಶ್ನೆ: ಬೀಗ ಹಾಕಿದ ಮನೆಗಳನ್ನು ಏನು ಮಾಡುವುದು?

ಉತ್ತರ: ಕಾರಣ ಕೇಳಿ ಬರೆದಿಡಿ. ಭಾಗದ ಕೇಸು ಕೋರ್ಟಿನಲ್ಲಿದ್ದರೆ ಅದು ಸದ್ಯಕ್ಕೆ ಯಾರಿಗೂ ಸಿಗುವುದಿಲ್ಲ. ಮಕ್ಕಳು ಅಮೆರಿಕದಲ್ಲಿದ್ದು, ಬಾಡಿಗೆಗೆ ಕೊಟ್ಟರೆ ಬಿಡಿಸುವುದು ಕಷ್ಟ ಅಂತ ಬೀಗ ಹಾಕಿದ್ದರೆ ಮಾತಾಡಿ ನೋಡಬಹುದು. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಇದ್ದ ಮನೆಗಳೇ ಸುಮಾರು 1.1 ಕೋಟಿ.

ಪ್ರಶ್ನೆ: ಹಾಗಾದರೆ ಹೊಸ ಬಡಾವಣೆ ಬೇಡವೇ ಬೇಡ ಅಂತೀರಾ?

ಉತ್ತರ: ಬೇಕು, ಆದರೆ ಯಾರಿಗೆ? 2012ರ ಅದೇ ಕೇಂದ್ರ ತಂಡದ ಲೆಕ್ಕದಲ್ಲಿ ಕೊರತೆಯ ನೂರಕ್ಕೆ 95ಕ್ಕೂ ಹೆಚ್ಚು ಭಾಗ ಬಡವರದ್ದು, ಕಡಿಮೆ ಆದಾಯದವರದ್ದು. ನಲವತ್ತು ಅರವತ್ತರ ಸೈಟು ಅವರ ಕೈಗೆ ಎಟುಕುತ್ತದಾ, ನೀವೇ ಹೇಳಿ.