‘ದ ಸ್ವಾನ್’ ಚೆಲ್ಲೋ ಕೃತಿ: ಲಯ ಎಷ್ಟು, ಶ್ರುತಿ ಯಾವುದು?

ಪ್ರಶ್ನೆ: ಅಣ್ಣನ ಮಗಳು ಚೆಲ್ಲೋದಲ್ಲಿ (ಕೂತು ನುಡಿಸುವ ದೊಡ್ಡ ಪಿಟೀಲು) ಫ್ರೆಂಚ್ ಸಂಗೀತಕಾರ ಸ್ಯಾಂ-ಸಾನ್ಸ್ ಅವರ ‘ದ ಸ್ವಾನ್’ (ಹಂಸ) ನುಡಿಸುತ್ತಾಳೆ. ಜಿ ಮೇಜರ್ ಅಂತೆ. ಮೇಜರ್ ಎಂದರೆ ಸಂತೋಷದ್ದು ಅನ್ನುತ್ತಾರೆ, ಆದರೆ ಕೇಳಿದವರ ಕಣ್ಣು ತುಂಬುತ್ತದೆ, ಯಾಕೆ? ಲಯ ಎಣಿಸುವ ಮೆಟ್ರೋನೋಮ್ ಆ್ಯಪ್‌ನಲ್ಲಿ ‘ಆಂಡಾಂಟಿನೊ’ ಒತ್ತಿದರೆ ನಿಮಿಷಕ್ಕೆ 80ಕ್ಕೂ ಮೇಲೆ ಓಡುತ್ತದೆ. ನಾನು ಭಜನೆಗೆ ಹಾರ್ಮೋನಿಯಂ ನುಡಿಸುವವನು, ಅವಳ ಜತೆ ಕೂರಬಹುದೇ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಹಾರ್ಮೋನಿಯಂ ಮುಂದಿಟ್ಟುಕೊಂಡೇ ಓದಿ. ಬಿಳಿ ಐದನ್ನು ಸಾ ಮಾಡಿಕೊಳ್ಳಿ, ಜಿ ಅಂದರೆ ಅದೇ. ಮೇಜರ್‌ನಲ್ಲಿ ಎಲ್ಲವೂ ಶುದ್ಧ ಸ್ವರ: ನಿಮ್ಮ ಬಿಲಾವಲ್ ಥಾಟ್, ಕರ್ನಾಟಕ ಸಂಗೀತದವರ ಶಂಕರಾಭರಣ. ಈಗ ಮೇಲಿನ ಸಾದಿಂದ ನಿಧಾನವಾಗಿ ಒತ್ತಿ: ಸಾ ನಿ ಗ ಧ ಪ ಸಾ, ರಿ ಗ ಮ. ಚೆಲ್ಲೋದ ಮೊದಲ ಸಾಲು ಇದೇ. ಒಂದು ಇಡೀ ಸಪ್ತಕ ಇಳಿದು, ಮತ್ತೆ ಮೂರು ಮೆಟ್ಟಿಲು ಹತ್ತಿ ಮಧ್ಯಮದ ಮೇಲೆ ನಿಲ್ಲುತ್ತದೆ. ಅಲ್ಲಿ ನಿಂತರೆ ಮನೆ ಸೇರಿದಂತಾಗುವುದಿಲ್ಲ, ಪಕ್ಕದಲ್ಲೇ ಗಾಂಧಾರ ಕೆಳಗೆ ಎಳೆಯುತ್ತಿರುತ್ತದೆ. ಮನಸ್ಸು ಭಾರವಾಗುವುದು ಆ ಜಾಗದಲ್ಲಿ. ಕೋಮಲ ಸ್ವರ ಒಂದೂ ಬಂದಿಲ್ಲ, ನೋಡಿ.

ಫ್ರೆಂಚ್ ಸಂಗೀತಕಾರ ಫೋರೆ ಅವರ ‘ಎಲೆಜಿ’ (ಶೋಕಗೀತೆ) ಎಂಬ ಚೆಲ್ಲೋ ಕೃತಿಯನ್ನು ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಅದು ಸಿ ಮೈನರ್, ಗತಿ ‘ಮೋಲ್ತೊ ಅಡಾಜಿಯೊ’, ಅಂದರೆ ಬಹಳ ವಿಳಂಬ. ಅಲ್ಲಿ ಗ, ಧ, ನಿ ಕೋಮಲ. ದುಃಖ ಮೊದಲ ಸ್ವರದಿಂದಲೇ ಬಾಯಿಬಿಟ್ಟು ಅಳುತ್ತದೆ. ‘ಸ್ವಾನ್’ ಹಾಗಲ್ಲ. 1886ರಲ್ಲಿ ಬರೆದಾಗ ಅದರ ಮೇಲಿದ್ದ ಸೂಚನೆ ‘ಆಂಡಾಂಟಿನೊ ಗ್ರಾಜಿಯೋಸೊ’. ಗ್ರಾಜಿಯೋಸೊ ಎಂದರೆ ನಯವಾಗಿ, ಲಾಲಿತ್ಯದಿಂದ. ಹಂಸದ ಸಾವು ಇದಕ್ಕೆ ಅಂಟಿಕೊಂಡದ್ದು ಆಮೇಲೆ, ನೃತ್ಯ ಸಂಯೋಜಕ ಫೋಕಿನ್ ಅವರು ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾಗಾಗಿ ಇದೇ ಸಂಗೀತಕ್ಕೆ ಸಾಯುವ ಹಂಸದ ನೃತ್ಯ ಕಟ್ಟಿದ ಮೇಲೆ. ಅನೇಕರು ಇದನ್ನು ಶೋಕಗೀತೆ ಎಂದೇ ತಿಳಿದು ಎಳೆದೆಳೆದು ನುಡಿಸುತ್ತಾರೆ. ನಮಗೆ ಅದು ಸರಿ ಕಾಣುವುದಿಲ್ಲ.

ಇನ್ನು ಲಯ. ಆ್ಯಪ್‌ನ ಪಟ್ಟಿಯನ್ನು ನಂಬಬೇಡಿ. ಆಂಡಾಂಟಿನೊ ಒಂದು ನಡೆಯ ಹೆಸರು, ಅಂಕಿಯಲ್ಲ. ಕೃತಿ ಇರುವುದು 6/4ರಲ್ಲಿ, ಒಂದು ಆವರ್ತಕ್ಕೆ ಆರು ಎಣಿಕೆ, ಮೂರು ಮೂರಾಗಿ. ಭಜನೆಯ ದಾದ್ರಾವನ್ನೇ ವಿಳಂಬಕ್ಕೆ ತಂದಂತೆ. ನಿಮಿಷಕ್ಕೆ 54ರಿಂದ 60 ಎಣಿಕೆ ಇಡಿ. 60ಕ್ಕೆ ಒಂದು ಆವರ್ತ 6 ಸೆಕೆಂಡ್ ಹಿಡಿಯುತ್ತದೆ, 50ಕ್ಕೆ ಇಳಿಸಿದರೆ 7.2. ಆ ಸೆಕೆಂಡಿನಷ್ಟರ ಅಂತರದಲ್ಲೇ ತೇಲುವ ಹಂಸ ಕೆಸರಿಗೆ ಸಿಕ್ಕಂತಾಗುತ್ತದೆ. ಪಾಠ ಕುದುರಿದ ಮೇಲೆ ಆರನ್ನೂ ಎಣಿಸುವುದು ಬಿಟ್ಟು 1 ಮತ್ತು 4ನ್ನು ಮಾತ್ರ ಮನಸ್ಸಿನಲ್ಲಿ ಹಿಡಿಯಲಿ. ಇಲ್ಲದಿದ್ದರೆ ಪ್ರತಿ ಸ್ವರಕ್ಕೂ ತಲೆಯಾಡಿಸಿದಂತೆ ಕೇಳುತ್ತದೆ.

ಜತೆಗೆ ಕೂರಿ, ಅಡ್ಡಿಯಿಲ್ಲ. ಆದರೆ ಶ್ರುತಿ ಮೊದಲು. ಹಳೆಯ ಪೆಟ್ಟಿಗೆಗಳು ಎಷ್ಟೋ ಸಲ 440ಕ್ಕೆ (ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಎಂಬ ವಾಡಿಕೆಯ ಶ್ರುತಿ) ಕೂಡುವುದಿಲ್ಲ, ಹಾರ್ಮೋನಿಯಂ ಬಗ್ಗದು, ಚೆಲ್ಲೋವೇ ಬಗ್ಗಬೇಕು. ಸಾ ಬಿಳಿ ಐದಾದರೆ ಚೆಲ್ಲೋದ ನಾಲ್ಕು ತಂತಿ ದಪ್ಪದಿಂದ ಸಣ್ಣಕ್ಕೆ ಮ, ಸಾ, ಪ, ರಿ ಆಗುತ್ತವೆ. ಸಾ ತಂತಿಯನ್ನು ನಿಮ್ಮ ಬಿಳಿ ಐದಕ್ಕೆ ಕೂಡಿಸಿ, ಉಳಿದವನ್ನು ಅದರಿಂದ ಸಾ-ಪ ಅಂತರದಲ್ಲಿ ಕೂಡಿಸಿಕೊಳ್ಳಲಿ. ಪೆಟ್ಟಿಗೆ ಅರ್ಧ ಸ್ವರದಷ್ಟು ಏರಿದ್ದರೆ ಹಟ ಬೇಡ, ತಂತಿ ಹರಿಯಬಹುದು. ಮೂಲದಲ್ಲಿ ಎರಡು ಪಿಯಾನೋ ನೀರಿನ ಅಲೆಯಂತೆ ಬಿಡಿ ಸ್ವರ ಹರಿಸುತ್ತವೆ. ಹಾರ್ಮೋನಿಯಂನಲ್ಲಿ ಅದನ್ನು ಅನುಕರಿಸಲು ಹೋದರೆ ಚೆಲ್ಲೋ ಮುಳುಗುತ್ತದೆ. ಮೊದಲ ಸಾಲಿಗೆ ಕೆಳಗಿನ ಸಾ ಒಂದನ್ನೇ, ಗಾಳಿ ಕಡಿಮೆ ಮಾಡಿ ಹಿಡಿಯಿರಿ. ಆದರೆ ಭಜನೆಯ ಹಾಗೆ ಕೊನೆಯವರೆಗೂ ಸಾ ಹಿಡಿದು ಕೂರುವಂತಿಲ್ಲ. ನಡುವೆ ಕೃತಿ ಬೇರೆ ಸ್ವರವನ್ನು ಸಾ ಮಾಡಿಕೊಂಡ ಮನೆಗಳಿಗೆ ಹೋಗಿಬರುತ್ತದೆ, ಅಲ್ಲಿ ನಿಮ್ಮ ಸಾ ಕರ್ಕಶವಾಗುತ್ತದೆ. ಅಲ್ಲಿ ಕೈ ತೆಗೆದು, ಮೊದಲ ಸಾಲು ಮರಳಿದಾಗ ಸೇರಿಕೊಳ್ಳಿ.

ಪ್ರಶ್ನೆ: ಅದೇ ಕೃತಿಯಲ್ಲಿ ನನಗೆ ಕಮಾನು ಸಾಲುವುದಿಲ್ಲ. ಮೂರನೇ ಸ್ವರಕ್ಕೆ ಹಾರುವಾಗ ‘ಕುಂಯ್’ ಎಂದು ಜಾರುತ್ತದೆ.
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಕಮಾನಿನ ಕೂದಲು ಸುಮಾರು 60 ಸೆಂ.ಮೀ. ಮೂರು ಎಣಿಕೆಗೆ ಒಂದು ಎಳೆತ ಎಂದರೆ ಎಣಿಕೆಗೆ 20 ಸೆಂ.ಮೀ. ಹೆಚ್ಚಿನವರು ಮೊದಲ ಎಣಿಕೆಯಲ್ಲೇ ಅರ್ಧ ಖರ್ಚು ಮಾಡಿ, ಉಳಿದದ್ದಕ್ಕೆ ಲಯ ಓಡಿಸುತ್ತಾರೆ. ಎಳೆತ ನಿಧಾನವಾದಷ್ಟೂ ಕಮಾನನ್ನು ಕುದುರೆಯ (ತಂತಿಗಳನ್ನು ಹೊತ್ತ ಮರದ ಸೇತುವೆ) ಕಡೆ ಒಂದಿಷ್ಟು ಸರಿಸಿ, ತೋಳಿನ ಭಾರ ಬಿಡಿ. ಫಿಂಗರ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಕಡೆ ಉಳಿದರೆ ನಾದ ಉಸಿರಾಗುತ್ತದೆ.

ಜಾರುವಿಕೆ ಬೆರಳಿನ ಲೆಕ್ಕದ್ದು. ಮೊದಲ ಎರಡು ಸ್ವರ, ಜಿ ಮತ್ತು ಎಫ್ ಶಾರ್ಪ್ ಅನ್ನು, ಎ ತಂತಿಯಲ್ಲಿ ಕೈ ನಿಲ್ಲುವ ನಾಲ್ಕನೇ ಪೊಸಿಷನ್‌ನಲ್ಲಿ 4, 3ನೇ ಬೆರಳಿಂದ (ತೋರುಬೆರಳು 1) ನುಡಿಸುತ್ತೀರಿ. ಮೂರನೆಯದಾದ ಬಿ ಸ್ವರಕ್ಕೆ ಕೈ ಹಿಂದಕ್ಕೆ ಎಳೆಯಬೇಡಿ. ಅದೇ ಜಾಗದಲ್ಲಿ ಡಿ ತಂತಿಯ ಮೇಲೆ 3ನೇ ಬೆರಳಿಗೆ ಬಿ ಇದೆ. ಮುಂದಿನ ಇ ಮತ್ತೆ ಎ ತಂತಿಯಲ್ಲಿ 1ನೇ ಬೆರಳಿಗೆ. ಕೈ ಕದಲದೆ ನಾಲ್ಕು ಸ್ವರ ಮುಗಿಯುತ್ತವೆ. ಆಮೇಲೆ ಡಿ ತಂತಿಯಲ್ಲಿ ಬರುವ ಕೆಳಗಿನ ಜಿ ಸರಿಯಾಗಿ ಕೂತಿದೆಯೇ ಎಂದು ನೋಡಲು ಟ್ಯೂನರ್ ಬೇಡ, ಪಕ್ಕದ ಖಾಲಿ ಜಿ ತಂತಿಯನ್ನು ನೋಡಿ. ಸ್ವರ ಕೂಡಿದ್ದರೆ ಅದು ಮುಟ್ಟದೆಯೇ ನಡುಗುತ್ತದೆ.