ಬೇಸಿಗೆಯ ಮೊದಲ ಮಳೆಗೆ ಮನೆಗೆ ನುಗ್ಗುವ ಈ ಕಪ್ಪು ಹುಳ ಯಾವುದು?

ರಬ್ಬರ್ ತೋಟದ ಪಕ್ಕ ಮನೆ, ಮಳೆ ಬಂದ ಸಂಜೆ ದೀಪ ಹಾಕಿದ ಕೂಡಲೇ ಸಾವಿರಾರು ಕಪ್ಪು ಹುಳ ಒಳಗೆ ಬಂದವು, ಅಕ್ಕಿ ಬೇಳೆ ಹಾಳಾಗುತ್ತದಾ ಅಂತ ಕೇಳಿದ್ದೀರಿ. ಅಕ್ಕಿ ಬೇಳೆಗೆ ಏನೂ ಆಗುವುದಿಲ್ಲ. ಇವು ಮನೆಯೊಳಗೆ ಏನನ್ನೂ ತಿನ್ನುವುದಿಲ್ಲ, ಸುಮ್ನೆ ನಿದ್ದೆ ಮಾಡಲು ಬರುತ್ತವೆ.

ಸುಳ್ಯ ಕಡೆಯ ನಮ್ಮ ಹಂಚಿನ ಮನೆಯಲ್ಲೂ ಇದೇ ಕಾಟ. ಇದರ ಹೆಸರು ಮುಪ್ಲಿ ಹುಳ. ಕೇರಳದ ತ್ರಿಶೂರ್ ಜಿಲ್ಲೆಯ ಮುಪ್ಲಿಯಂ ಎಂಬ ಊರಿನಿಂದ ಬಂದ ಹೆಸರು. ವಿಜ್ಞಾನದವರು ಲುಪ್ರಾಪ್ಸ್ ಟ್ರಿಸ್ಟಿಸ್ ಅನ್ನುತ್ತಾರೆ. ಸುಮಾರು 8 ಮಿಲಿಮೀಟರ್ ಉದ್ದ, ಗಟ್ಟಿ ಬೆನ್ನು, ಮಣಿ ಪೋಣಿಸಿದ ಹಾಗಿರುವ ಮೀಸೆ. ಹಳೆಯ ರವೆ, ಮೈದಾದಲ್ಲಿ ಕಾಣುವ ಕೆಂಪು ಹುಳವೂ ಇದೇ ಕುಟುಂಬದ್ದು. ನಿಮಗೆ ಅನುಮಾನ ಬಂದದ್ದು ಸಹಜವೇ.

ರಬ್ಬರ್ ಮರ ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿಸುತ್ತದೆ, ಅಲ್ವಾ? ಆಗ ಇವು ತೋಟಕ್ಕೆ ಹೋಗಿ ಆ ತರಗೆಲೆಯಲ್ಲಿ ಮೊಟ್ಟೆ ಇಡುತ್ತವೆ. ಮರಿಗಳಿಗೆ ಬಾಡಿ ಬಿದ್ದ ಎಳೆ ಎಲೆ ಅಂದರೆ ಬಹಳ ಇಷ್ಟ. ಏಪ್ರಿಲ್ ಹೊತ್ತಿಗೆ ಬೆಳೆದು ಕೂತಿರುತ್ತವೆ. ಮಳೆಗೆ ನೆಲ ಒದ್ದೆಯಾದದ್ದೇ ತಡ, ಬೆಳಕು ಕಂಡ ಕಡೆ ಹಾರಿ ಬರುತ್ತವೆ. ಹಂಚಿನ ಸಂದು, ಪಕಾಸಿನ ಮೇಲೆ, ಗೋಡೆಯ ಬಿರುಕು, ಎಲ್ಲ ಕಡೆ ಒಂದರ ಮೇಲೊಂದು ಗುಂಪಾಗಿ ಕೂರುತ್ತವೆ. ಎಂಟು ಒಂಬತ್ತು ತಿಂಗಳು ಹಾಗೇ ಇರುತ್ತವೆ. ಒಂದೇ ಮನೆಯಲ್ಲಿ ಲಕ್ಷಗಟ್ಟಲೆ ಸೇರುವುದುಂಟು.

ದಯವಿಟ್ಟು ಕೈಯಿಂದ ಹೊಸಕಬೇಡಿ. ಗಾಬರಿಯಾದರೆ ಕಟು ವಾಸನೆಯ ರಸ ಬಿಡುತ್ತವೆ. ತಾಗಿದ ಕಡೆ ಚರ್ಮ ಕಂದಾಗಿ ಉರಿಯುತ್ತದೆ. ನನ್ನ ಚಿಕ್ಕಮ್ಮನ ಕುತ್ತಿಗೆಯಲ್ಲಿ ಗುಳ್ಳೆಯೇ ಎದ್ದಿತ್ತು. ರಸ ತಾಗಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಮಕ್ಕಳನ್ನು ಸೊಳ್ಳೆಪರದೆಯೊಳಗೆ ಮಲಗಿಸಿ.

ಮಳೆ ಬಂದ ಆ ಕೆಲವು ಸಂಜೆ ಮನೆಯ ದೀಪ ಆರಿಸಿಡಿ. ನಾವು ಅಂಗಳದ ಆಚೆ ದೂರದಲ್ಲಿ ಒಂದು ಬಲ್ಬ್ ಹಾಕಿ, ಅದರ ಕೆಳಗೆ ಸೋಪು ನೀರಿನ ಪಾತ್ರೆ ಇಡುತ್ತೇವೆ. ಬಹಳಷ್ಟು ಅಲ್ಲೇ ಬೀಳುತ್ತವೆ. ಒಳಗೆ ಬಂದವನ್ನು ಹಿಡಿಸೂಡಿಯಿಂದ ಮೆಲ್ಲಗೆ ಗುಡಿಸಿ ಅದೇ ನೀರಿಗೆ ಹಾಕಿ. ಮಾಡಿನಲ್ಲಿ ಗುಂಪಾಗಿ ಕೂತ ಮೇಲೆ ತೆಗೆಯುವುದು ತುಂಬಾ ಕಷ್ಟ. ಹಾಗಾಗಿ ಮುಂದಿನ ವರ್ಷ ಜನವರಿಯಲ್ಲೇ ಮನೆ ಹತ್ತಿರದ ಸಾಲುಗಳ ತರಗೆಲೆ ಗುಡಿಸಿಬಿಡಿ. ತೋಟ ಬೇರೆಯವರದ್ದಾದರೆ ಈಗಲೇ ಹೋಗಿ ಅವರ ಹತ್ತಿರ ಮಾತಾಡಿ.