ಹಡಗಿನ ಬಿಲ್ಲಿನಲ್ಲಿ ಬ್ಯಾಂಕಿನ ಪಾಲು

ಈ ಸಲ ಬಂದ ಪತ್ರಗಳಲ್ಲಿ ಹಡಗು ಪ್ರವಾಸದ್ದೇ ಮಾತು ಜಾಸ್ತಿ. ಎಲ್ಲರ ತಲೆಬಿಸಿಯೂ ಒಂದೇ, ಕ್ರೆಡಿಟ್ ಕಾರ್ಡ್. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾವು ನಾಲ್ಕು ಜನ ಸಿಂಗಪುರದಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗಿನಲ್ಲಿ ನಾಲ್ಕು ರಾತ್ರಿಯ ಪ್ರವಾಸಕ್ಕೆ ಹೋಗುತ್ತಿದ್ದೇವೆ. ಟಿಕೆಟ್ ದುಡ್ಡು ಕಟ್ಟಿಯಾಗಿದೆ, ಊಟ ಸೇರಿದೆ ಅಂದರು. ಹಾಗಿದ್ದ ಮೇಲೆ ಹಡಗು ಹತ್ತುವಾಗ ಕಾರ್ಡ್ ಯಾಕೆ ಕೇಳುತ್ತಾರೆ? ಬ್ಯಾಂಕ್ ಎಷ್ಟು ಹಿಡಿಯುತ್ತದೆ? ಸಿಂಗಪುರ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್ ಇದೆ, ಅದನ್ನೇ ಕೊಟ್ಟರೆ ಸಾಕಲ್ವಾ?
– ಓದುಗರು, ದಾವಣಗೆರೆ

ಉತ್ತರ: ಸಾಲದು, ಸರ್. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಡಗು ಹೊರಡುವುದು ಸಿಂಗಪುರದಿಂದಲೇ ಆದರೂ ರಾಯಲ್ ಕೆರಿಬಿಯನ್ ಹಡಗಿನೊಳಗೆ ಲೆಕ್ಕ ನಡೆಯುವುದು ಅಮೆರಿಕನ್ ಡಾಲರ್‌ನಲ್ಲಿ. ನಿಮ್ಮ ಫಾರೆಕ್ಸ್ ಕಾರ್ಡಿನಲ್ಲಿರುವುದು ಸಿಂಗಪುರ ಡಾಲರ್. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಲು ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತೆ ಶುಲ್ಕ ಹಾಕುತ್ತದೆ. ಅದೇ ಬಂದರಿನಿಂದ ಹೊರಡುವ ರೆಸಾರ್ಟ್ಸ್ ವರ್ಲ್ಡ್ ಕಂಪನಿಯ ಹಡಗಿನಲ್ಲಾದರೆ ಸಿಂಗಪುರ ಡಾಲರ್ ನಡೆಯುತ್ತದೆ. ಅಂದರೆ ಯಾವ ಹಣ ಅನ್ನುವುದನ್ನು ತೀರ್ಮಾನಿಸುವುದು ಹಡಗು ಕಂಪನಿ, ಬಂದರಲ್ಲ. ಹೊರಡುವ ಮೊದಲು ಅದೊಂದನ್ನು ಕೇಳಿ ತಿಳಿದುಕೊಳ್ಳಿ.

ಫಾರೆಕ್ಸ್ ಕಾರ್ಡ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಡಗಿನಲ್ಲಿ ನೀವು ಪ್ರತಿ ಸಲ ಕಾರ್ಡ್ ಉಜ್ಜುವುದಿಲ್ಲ. ಹತ್ತುವಾಗ ಒಂದು ಕಾರ್ಡ್ ನೋಂದಾಯಿಸಿದರೆ ಕೈಗೆ ಒಂದು ಸೀಪಾಸ್ ಕಾರ್ಡ್ ಕೊಡುತ್ತಾರೆ. ಕೋಣೆಯ ಬಾಗಿಲು ತೆಗೆಯುವುದೂ ಅದರಲ್ಲೇ, ಕಾಫಿಯಿಂದ ಹಿಡಿದು ಎಲ್ಲ ಖರ್ಚು ಬರೆಸುವುದೂ ಅದರಲ್ಲೇ. ಕೊನೆಯ ದಿನ ಮೊತ್ತ ನಿಮ್ಮ ಕಾರ್ಡಿಗೆ ಹೋಗುತ್ತದೆ. ನಡುವೆ ಹಡಗಿನವರು ಕಾರ್ಡಿನಲ್ಲಿ ಆಗಾಗ ಒಂದಿಷ್ಟು ಹಣವನ್ನು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಅಷ್ಟು ಮಿತಿ ಕಡಿಮೆ ಕಾಣಿಸುತ್ತದೆ, ಅಷ್ಟೇ. ಫಾರೆಕ್ಸ್ ಅಥವಾ ಡೆಬಿಟ್ ಕಾರ್ಡಿನಲ್ಲಿ ಹಾಗಲ್ಲ. ನಿಮ್ಮದೇ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಪ್ರವಾಸ ಮುಗಿದು ಮನೆಗೆ ಬಂದು ಎಷ್ಟೋ ದಿನವಾದರೂ ಬಿಡುಗಡೆಯಾಗದೆ ಒದ್ದಾಡಿದವರಿದ್ದಾರೆ.

ಊಟ ಸೇರಿದೆ ಅನ್ನುವ ಮಾತು ನಿಜ, ಆದರೆ ಅದು ಅರ್ಧ ಮಾತ್ರ. ಮುಂಗಡ ಕಟ್ಟಿರದಿದ್ದರೆ ಸಿಬ್ಬಂದಿಯ ಟಿಪ್ಸ್ ಒಬ್ಬರಿಗೆ ದಿನಕ್ಕೆ 18 ಡಾಲರ್ ಆಸುಪಾಸು ತಾನಾಗೇ ಬಿಲ್ಲಿಗೆ ಸೇರುತ್ತದೆ, ಮಕ್ಕಳಿಗೂ ಸೇರಿ. ನಾಲ್ಕು ಜನ, ನಾಲ್ಕು ರಾತ್ರಿ ಅಂದರೆ ಇದೊಂದೇ 288 ಡಾಲರ್! ಬಾರಿನಲ್ಲಿ ಏನಾದರೂ ತೆಗೆದುಕೊಂಡರೆ ಅದರ ಮೇಲೆ 18% ಟಿಪ್ಸ್ ಬೇರೆ. ವೈಫೈ, ವಿಶೇಷ ರೆಸ್ಟೋರೆಂಟ್, ಫೋಟೋ, ಬಂದರಿನಲ್ಲಿ ಊರು ಸುತ್ತಿಸುವುದು, ಎಲ್ಲಕ್ಕೂ ಬೇರೆ ದುಡ್ಡು. ಒಟ್ಟು 600 ಡಾಲರ್ ಆಗುವುದು ಕಷ್ಟವೇನಲ್ಲ.

ಈಗ ಬ್ಯಾಂಕಿನ ಪಾಲಿಗೆ ಬರೋಣ. ಲೆಕ್ಕ ಸುಲಭವಾಗಲಿ ಎಂದು ಡಾಲರ್‌ಗೆ 90 ರೂಪಾಯಿ ಇಟ್ಟುಕೊಳ್ಳಿ. 600 ಡಾಲರ್ ಅಂದರೆ 54,000 ರೂಪಾಯಿ. ನಮ್ಮಲ್ಲಿನ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ವಹಿವಾಟಿನ ಮಾರ್ಕಪ್, ಅಂದರೆ ಬ್ಯಾಂಕ್ ಮೇಲೆ ಸೇರಿಸುವ ಶುಲ್ಕ, 3.5%. ಅದು 1,890 ರೂಪಾಯಿ. ಆ ಶುಲ್ಕದ ಮೇಲೆ 18% ಜಿಎಸ್‌ಟಿ, ಇನ್ನೊಂದು 340. ಒಟ್ಟು 2,230 ರೂಪಾಯಿ ಸುಮ್ನೆ ಹೋಯಿತು. ಮಾರ್ಕಪ್ 2% ಇರುವ ಕಾರ್ಡ್ ಆದರೆ ಇದೇ ಬಿಲ್ಲಿಗೆ 1,274 ರೂಪಾಯಿ. ಮಾರ್ಕಪ್ಪೇ ಇಲ್ಲದ ಕಾರ್ಡುಗಳನ್ನೂ ಈಗ ಕೆಲವು ಬ್ಯಾಂಕುಗಳು ಕೊಡುತ್ತಿವೆ. ವರ್ಷಕ್ಕೆ ಒಂದು ಸಲವಾದರೂ ಹೊರಗೆ ಹೋಗುವ ಮನೆಗಳಲ್ಲಿ ಅಂಥದ್ದೊಂದು ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಆದರೆ ವಾರ್ಷಿಕ ಶುಲ್ಕ ಎಷ್ಟು ಅಂತ ನೋಡಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಇಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ.

ನಿಮ್ಮ ಕಾರ್ಡಿನ ಮಾರ್ಕಪ್ ಎಷ್ಟು ಅನ್ನುವುದು ಅದರ ಜೊತೆ ಬರುವ ಶುಲ್ಕಗಳ ಪಟ್ಟಿಯಲ್ಲಿ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲೂ ಸಿಗುತ್ತದೆ. ಅಲ್ಲೇ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡಿಕೊಳ್ಳಿ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡುಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಮರೆತು ಹೋದರೆ ಚೆಕ್ ಇನ್ ಕೌಂಟರಿನಲ್ಲಿ ಪರದಾಡಬೇಕಾಗುತ್ತದೆ.

ಪ್ರಶ್ನೆ: ಬಾರ್ಸಿಲೋನಾದಿಂದ ಕ್ರೂಸ್ ಹೋಗಿದ್ದೆವು. ಮಾರ್ಸೇಲ್‌ನಲ್ಲಿ ಇಳಿದು ಒಂದು ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರ ಯೂರೋನಾ ರೂಪಾಯಿನಾ ಅಂತ ಕೇಳಿತು. ರೂಪಾಯಿ ಅಂದರೆ ಬ್ಯಾಂಕ್ ಶುಲ್ಕ ಬೀಳುವುದಿಲ್ಲ ಅಂತ ಮಗಳು ಹೇಳಿದಳು, ಒತ್ತಿದೆವು. ಸರಿ ಮಾಡಿದೆವಾ ಅಕ್ಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲಮ್ಮ. ಮಗಳಿಗೆ ಬೈಯಬೇಡಿ, ರೂಪಾಯಿ ಕಂಡ ಕೂಡಲೇ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ರೂಪಾಯಿ ಒತ್ತಿದರೆ ಹಣ ಬದಲಾಯಿಸುವ ಕೆಲಸ ನಿಮ್ಮ ಬ್ಯಾಂಕಿನ ಕೈಯಿಂದ ತಪ್ಪಿ ಅಂಗಡಿಯವರ ಕಡೆಯ ಕಂಪನಿಗೆ ಹೋಗುತ್ತದೆ. ಅವರು ತಮಗೆ ಬೇಕಾದ ದರ ಹಾಕುತ್ತಾರೆ. ಇದಕ್ಕೆ ಡೈನಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಅನ್ನುತ್ತಾರೆ.

ಮೇಲಿನ 54,000ದ ಲೆಕ್ಕವನ್ನೇ ತೆಗೆದುಕೊಳ್ಳಿ. ಅವರು 5% ಸೇರಿಸಿದರು ಅನ್ನೋಣ, 56,700 ಆಯಿತು. ಇಷ್ಟಕ್ಕೇ ನಿಲ್ಲುವುದಿಲ್ಲ. ವಿದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಟ್ಟರೂ ನಮ್ಮ ಎಷ್ಟೋ ಬ್ಯಾಂಕುಗಳು 1% ಅಥವಾ ಅದಕ್ಕಿಂತ ಜಾಸ್ತಿ ಶುಲ್ಕ ಹಾಕುತ್ತವೆ, ಮೇಲೆ ಜಿಎಸ್‌ಟಿ. 1% ಅಂದರೂ ಜಿಎಸ್‌ಟಿ ಸೇರಿ 669 ರೂಪಾಯಿ. ಒಟ್ಟು 3,369 ರೂಪಾಯಿ ಹೆಚ್ಚುವರಿ. ಡಾಲರ್‌ನಲ್ಲೇ ಕೊಟ್ಟಿದ್ದರೆ 3.5% ಕಾರ್ಡಿನಲ್ಲೂ 2,230 ಇತ್ತು, ಅಲ್ವಾ?

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಒಂದು ಒಳ್ಳೆಯ ಕಾನೂನಿದೆ. 2020ರಿಂದ ಅಲ್ಲಿನ ಬ್ಯಾಂಕುಗಳ ಕಾರ್ಡಿಗೆ ಹೀಗೆ ಬದಲಾಯಿಸುವಾಗ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ದರಕ್ಕಿಂತ ಎಷ್ಟು ಶೇಕಡಾ ಜಾಸ್ತಿ ತೆಗೆದುಕೊಳ್ಳುತ್ತಿದ್ದೇವೆ ಅನ್ನುವುದನ್ನು ಮೊದಲೇ ತೋರಿಸಬೇಕು. ನಮ್ಮ ಕಾರ್ಡಿಗೂ ತೋರಿಸಿಯೇ ತೀರುತ್ತಾರೆ ಅನ್ನುವಂತಿಲ್ಲ. ಮುಂದಿನ ಸಲ ಯಂತ್ರದ ಪರದೆಯನ್ನು ನಿಧಾನವಾಗಿ ಓದಿ, ಅವಸರ ಮಾಡಿದರೂ ಬಿಡಬೇಡಿ, ಆ ಊರಿನ ಹಣವನ್ನೇ ಒತ್ತಿ.

ಹಡಗಿನೊಳಗೆ ಇದು ಇನ್ನೂ ಸೂಕ್ಷ್ಮ. ಅಂಗಡಿಯಲ್ಲಾದರೆ ಕಣ್ಣೆದುರೇ ಕೇಳುತ್ತಾರೆ. ಕೆಲವು ಹಡಗು ಕಂಪನಿಗಳು ಹಾಗೆ ಕೇಳುವುದೇ ಇಲ್ಲ. ನೀವು ಬೇಡ ಅನ್ನದಿದ್ದರೆ ಕೊನೆಯ ಬಿಲ್ಲನ್ನು ನಿಮ್ಮ ಕಾರ್ಡಿನ ದೇಶದ ಹಣಕ್ಕೆ ತಾವೇ ಬದಲಾಯಿಸಿ ಕಳಿಸುತ್ತವೆ. ಚೆಕ್ ಇನ್ ಫಾರಂನಲ್ಲಿ ಸಣ್ಣ ಅಕ್ಷರದಲ್ಲಿ ಒಪ್ಪಿಗೆ ಇರುತ್ತದೆ. ಹತ್ತಿದ ದಿನವೇ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ, "ನನ್ನ ಬಿಲ್ ಹಡಗಿನ ಹಣದಲ್ಲೇ ಕಾರ್ಡಿಗೆ ಹೋಗಬೇಕು, ಬದಲಾಯಿಸಬೇಡಿ" ಅಂತ ಹೇಳಿ ಬರೆಸಿಬಿಡಿ. ಕೊನೆಯ ಬೆಳಿಗ್ಗೆ ಆ ಕೌಂಟರಿನ ಮುಂದೆ ಉದ್ದ ಸಾಲು ಇರುತ್ತದೆ, ಆಗ ಏನೂ ಆಗುವುದಿಲ್ಲ.

ಪ್ರಶ್ನೆ: ಮುಂಬೈಯಿಂದ ಲಕ್ಷದ್ವೀಪಕ್ಕೆ ಕಾರ್ಡೇಲಿಯಾ ಹಡಗಿನಲ್ಲಿ ಹೋಗುತ್ತಿದ್ದೇವೆ. ನಮಗೂ ಈ ಶುಲ್ಕ ಇದೆಯಾ?
– ಓದುಗರು, ಉಡುಪಿ

ಉತ್ತರ: ಇಲ್ಲ. ಅಲ್ಲಿ ರೂಪಾಯಿಯಲ್ಲೇ ಬಿಲ್. ನೆಮ್ಮದಿಯಾಗಿ ಹೋಗಿ ಬನ್ನಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಬೇಯೋನ್ ಬಂದರಿನಿಂದ ಬರ್ಮುಡಾ ಕ್ರೂಸ್ ಬುಕ್ ಮಾಡಿದ್ದೇನೆ. ಅಪ್ಪ ತಮ್ಮ ಖರ್ಚು ತಮ್ಮ ಕಾರ್ಡಿನಲ್ಲೇ ಆಗಬೇಕು ಅನ್ನುತ್ತಾರೆ. ಏನು ಹೇಳಲಿ?
– ಓದುಗರು, ಅಮೆರಿಕ

ಉತ್ತರ: ಅಪ್ಪನ ಮನಸ್ಸು ಅರ್ಥವಾಗುತ್ತದೆ. ಮಗನ ಮೇಲೆ ಭಾರ ಹಾಕಬಾರದು ಅಂತ. ಆದರೂ ಅವರ ಕೋಣೆಯ ಖಾತೆಗೆ ನಿಮ್ಮ ಅಮೆರಿಕದ ಕಾರ್ಡನ್ನೇ ಜೋಡಿಸಿ. ಬೇರೆ ಬೇರೆ ಕೋಣೆಗಳ ಖರ್ಚು ಒಂದೇ ಕಾರ್ಡಿಗೆ ಬರುವಂತೆ ಮಾಡಲು ಹಡಗಿನವರು ಬಿಡುತ್ತಾರೆ. ಡಾಲರ್ ಬಿಲ್ಲಿಗೆ ಡಾಲರ್ ಕಾರ್ಡ್, ಬದಲಾವಣೆಯೇ ಇಲ್ಲ. ಅಪ್ಪ ಮೈಸೂರಿಗೆ ಹೋದ ಮೇಲೆ ನಿಮ್ಮ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿ ಇಡುವ ರೂಪಾಯಿ ಖಾತೆ) ರೂಪಾಯಿ ಹಾಕಲಿ, ಅವರಿಗೂ ಸಮಾಧಾನ.

ಒಂದು ಎಚ್ಚರ. ಅಮೆರಿಕದ ಕೆಲವು ಕಾರ್ಡುಗಳಲ್ಲೂ ವಿದೇಶಿ ವಹಿವಾಟಿನ ಶುಲ್ಕ ಇದೆ, ಸಾಮಾನ್ಯವಾಗಿ 3%. ಬರ್ಮುಡಾದ ಡಾಲರ್ ಮತ್ತು ಅಮೆರಿಕದ ಡಾಲರ್ ಎರಡರ ಬೆಲೆಯೂ ಒಂದೇ. ಬೆಲೆ ಪಟ್ಟಿ ನೋಡಿದರೆ ಮನೆಯಲ್ಲೇ ಇದ್ದ ಹಾಗೆ ಕಾಣುತ್ತದೆ. ಆದರೆ ಅಂಗಡಿ ಬರ್ಮುಡಾದ್ದು. ಬ್ಯಾಂಕ್ ಅದನ್ನು ವಿದೇಶಿ ವ್ಯಾಪಾರ ಎಂದೇ ನೋಡಿ ಶುಲ್ಕ ಹಾಕಬಹುದು. ದಡಕ್ಕೆ ಇಳಿಯುವಾಗ ಶುಲ್ಕವಿಲ್ಲದ ಕಾರ್ಡ್ ಇಟ್ಟುಕೊಳ್ಳಿ, ಇಲ್ಲವೇ ನೋಟು ಕೊಡಿ. ಅಲ್ಲಿ ಅಮೆರಿಕದ ನೋಟು ನಡೆಯುತ್ತದೆ.

ಪ್ರಶ್ನೆ: ಹೊರದೇಶದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ 20% ತೆರಿಗೆ ಹಿಡಿಯುತ್ತಾರಂತೆ, ಹೌದಾ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. 2023ರ ಮೇ ತಿಂಗಳಲ್ಲಿ ಅಂಥ ಒಂದು ಬದಲಾವಣೆ ಬಂದಿತ್ತು. ಜೂನ್ 28ಕ್ಕೆ ಸರ್ಕಾರವೇ ಅದನ್ನು ಮುಂದಕ್ಕೆ ಹಾಕಿತು. ಹೊರದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚಿಗೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಇಲ್ಲ. ಟ್ರಾವೆಲ್ ಏಜೆಂಟ್ ಹತ್ತಿರ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಟಿಸಿಎಸ್ ಇರುತ್ತದೆ. ಅದು ನಿಮ್ಮ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ, ರಿಟರ್ನ್ ಸಲ್ಲಿಸುವಾಗ ಮರೆಯದೆ ತೋರಿಸಿ.

ಪ್ರಶ್ನೆ: ಮಳೆಯಿಂದ ದಡದ ಪ್ರವಾಸ ರದ್ದಾಯಿತು. ಕಾರ್ಡಿಗೆ ವಾಪಸ್ ಬಂದ ಹಣ ನಾವು ಕಟ್ಟಿದ್ದಕ್ಕಿಂತ ಕಡಿಮೆ. ಯಾರನ್ನು ಕೇಳುವುದು?
– ಓದುಗರು, ಬೆಳಗಾವಿ

ಉತ್ತರ: ಕಟ್ಟಿದ ದಿನದ ದರ ಬೇರೆ, ವಾಪಸ್ ಬಂದ ದಿನದ ದರ ಬೇರೆ. ಮಾರ್ಕಪ್ ಶುಲ್ಕವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ಇನ್ನೊಮ್ಮೆ ಹೀಗಾದರೆ ಹಡಗಿನಲ್ಲಿ ಇರುವಾಗಲೇ ಆ ಹಣವನ್ನು ಕೋಣೆಯ ಖಾತೆಗೆ ಜಮಾ ಮಾಡಿ ಅಂತ ಕೇಳಿ. ಉಳಿದ ಖರ್ಚು ಅದರಲ್ಲೇ ತೀರುತ್ತದೆ, ಕಾರ್ಡಿಗೆ ಹೋಗುವ ಮೊತ್ತವೂ ಕಡಿಮೆಯಾಗುತ್ತದೆ.

ಇಷ್ಟಾದರೂ ಸ್ಟೇಟ್‌ಮೆಂಟ್ ತೆಗೆದು ಒಮ್ಮೆ ನೋಡಿ. ಬ್ಯಾಂಕಿನ ಪಟ್ಟಿಯಲ್ಲಿರುವ ಶೇಕಡಾವಾರಿಗಿಂತ ಜಾಸ್ತಿ ಹಿಡಿದಿದ್ದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದೊಳಗೆ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದಕ್ಕೆ ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ, ಹಡಗಿನ ಕೊನೆಯ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿರಿ.